ಹಳಿಯ ಮೇಲೆ ಐವರು, ಆರಾಮಕುರ್ಚಿಯಲ್ಲಿ ಒಬ್ಬರು

'ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ' ಎನ್ನುವ ನಮ್ಮ ಗಾದೆಗೆ ಬಹುಕಾಲ ಅಂಕಿಅಂಶಗಳ ಬೆಂಬಲ ಇರಲಿಲ್ಲ. ಆ ಕೊರತೆಯನ್ನು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುವ ಎರಿಕ್ ಶ್ವಿಟ್ಸ್‌ಗೇಬೆಲ್ ನೀಗಿಸಿದರು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಲೈಬ್ರರಿಗಳಿಂದ ಯಾವ ಬಗೆಯ ತತ್ತ್ವಶಾಸ್ತ್ರದ ಪುಸ್ತಕ ಎಷ್ಟು ಕಾಣೆಯಾಗಿದೆ ಎಂದು ಕೂತು ಲೆಕ್ಕ ಹಾಕಿದರು. 2009ರಲ್ಲಿ ಫಲಿತಾಂಶ ಅಚ್ಚಾಯಿತು. ಜನಸಾಮಾನ್ಯರು ಕಣ್ಣೆತ್ತಿಯೂ ನೋಡದ, ಪ್ರೊಫೆಸರುಗಳು ಮತ್ತು ಅವರ ಸಂಶೋಧನಾ ವಿದ್ಯಾರ್ಥಿಗಳು ಮಾತ್ರ ಎರವಲು ಒಯ್ಯುವಂಥ ಪುಸ್ತಕಗಳಲ್ಲಿ, ನೀತಿಶಾಸ್ತ್ರದವು ಉಳಿದವುಗಳಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಮಾಯವಾಗಿದ್ದವು. ಕಳ್ಳ ಯಾರೆಂದು ಅಧ್ಯಯನ ಹೇಳುವುದಿಲ್ಲ. ಆದರೆ ಸರಿ-ತಪ್ಪುಗಳ ಕುರಿತ ಗ್ರಂಥವನ್ನು ಜೇಬುಗಳ್ಳ ಕದಿಯುವುದಿಲ್ಲ ಎಂಬುದು ನನ್ನ ಅಂದಾಜು.

ಅಷ್ಟಕ್ಕೇ ಬಿಡದೆ ಅವರು ಜೋಶುವಾ ರಸ್ಟ್ ಜೊತೆ ಸೇರಿ ಸಮೀಕ್ಷೆಯನ್ನೂ ಮಾಡಿದರು. ಅಮ್ಮನಿಗೆ ಎಷ್ಟು ದಿನಕ್ಕೊಮ್ಮೆ ಫೋನ್ ಮಾಡುತ್ತೀರಿ, ರಕ್ತದಾನ ಮಾಡುತ್ತೀರಾ, ಮತ ಹಾಕುತ್ತೀರಾ, ವಿದ್ಯಾರ್ಥಿಗಳ ಇಮೇಲಿಗೆ ಉತ್ತರ ಬರೆಯುತ್ತೀರಾ ಅಂತ ಪ್ರೊಫೆಸರುಗಳನ್ನು ಕೇಳಿದರು. ನೀತಿ ಕಲಿಸುವವರು ಬೇರೆ ವಿಷಯ ಕಲಿಸುವವರಿಗಿಂತ ಒಂದು ಗುಲಗಂಜಿಯಷ್ಟೂ ಮೇಲಿರಲಿಲ್ಲ. ದನ, ಹಂದಿಗಳ ಮಾಂಸವನ್ನು ವಾಡಿಕೆಯಾಗಿ ತಿನ್ನುವುದು ನೈತಿಕವಾಗಿ ಕೆಟ್ಟದ್ದು ಎಂದವರು ನೀತಿಶಾಸ್ತ್ರಜ್ಞರಲ್ಲಿ ಶೇ 60. ಹಿಂದಿನ ರಾತ್ರಿಯ ಊಟದಲ್ಲಿ ಅದನ್ನೇ ತಿಂದಿದ್ದೆವು ಎಂದು ಒಪ್ಪಿಕೊಂಡವರು ಶೇ 37. ಆ ವಿಷಯದಲ್ಲಿ ಅವರಿಗೂ ಮಿಕ್ಕವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬದನೆಕಾಯಿಯ ಜಾಗಕ್ಕೆ ಬೀಫ್ ಬಂದಿದೆ, ಗಾದೆ ಹಾಗೇ ಇದೆ.

ಇದನ್ನು ಆ ಪಂಡಿತರ ಮುಂದಿಟ್ಟರೆ ಅವರು ಸಿಟ್ಟಾಗುವುದಿಲ್ಲ. ನಮ್ಮ ಕೆಲಸ ಒಳ್ಳೆಯವರಾಗುವುದಲ್ಲ, ಒಳ್ಳೆಯದು ಯಾಕೆ ಒಳ್ಳೆಯದು ಎಂದು ಕಂಡುಹಿಡಿಯುವುದು ಎನ್ನುತ್ತಾರೆ. ಒಪ್ಪೋಣ. ಹಾಗಾದರೆ ಆ ಕೆಲಸ ಎಲ್ಲಿಗೆ ಬಂದಿದೆ ಅಂತ ವಿಚಾರಿಸುವುದು ತಪ್ಪಲ್ಲವಲ್ಲ.

ಆ ಕೆಲಸ ಹಳಿಯ ಮೇಲೆ ನಿಂತಿದೆ. 1967ರಲ್ಲಿ ಆಕ್ಸ್‌ಫರ್ಡಿನ ಫಿಲಿಪ್ಪಾ ಫುಟ್ ಗರ್ಭಪಾತದ ಕುರಿತು ಒಂದು ಪ್ರಬಂಧ ಬರೆದರು. ಅದರಲ್ಲಿ ಹೀಗೆ ಬಂದು ಹಾಗೆ ಹೋಗುವ ಒಂದು ಟ್ರಾಮ್ ಇತ್ತು. ಹತೋಟಿ ತಪ್ಪಿದ ಟ್ರಾಮ್. ನೇರ ಹೋದರೆ ಐವರು ಕೆಲಸಗಾರರು ಸಾಯುತ್ತಾರೆ, ಚಾಲಕ ಪಕ್ಕದ ಹಳಿಗೆ ತಿರುಗಿಸಿದರೆ ಒಬ್ಬ ಸಾಯುತ್ತಾನೆ. ಫುಟ್ ತಮ್ಮ ವಾದಕ್ಕೆ ಬೇಕಾದಷ್ಟು ಬಳಸಿಕೊಂಡು ಮುಂದೆ ಹೋದರು. ಹಿಂದೆ ಬಂದವರು ಟ್ರಾಮಿನಿಂದ ಇಳಿಯಲೇ ಇಲ್ಲ. ಅಮೆರಿಕದ ಜೂಡಿತ್ ಜಾರ್ವಿಸ್ ಥಾಮ್ಸನ್ 1976ರಲ್ಲಿ ಅದನ್ನು ಟ್ರಾಲಿ ಮಾಡಿದರು. ಹಳಿಯ ಮೇಲೊಂದು ಕಾಲುಸೇತುವೆ ಕಟ್ಟಿ ಅದರ ಮೇಲೊಬ್ಬ ದಪ್ಪ ಮನುಷ್ಯನನ್ನು ನಿಲ್ಲಿಸಿದರು. ಅವನನ್ನು ಕೆಳಕ್ಕೆ ನೂಕಿದರೆ ಟ್ರಾಲಿ ನಿಂತು ಐವರು ಬದುಕುತ್ತಾರೆ, ನೂಕಬಹುದೇ? 1985ರಲ್ಲಿ ಅವರೇ ಚಾಲಕನನ್ನು ಬಿಟ್ಟು ದಾರಿಹೋಕನೊಬ್ಬನ ಕೈಗೆ ಲಿವರ್ ಕೊಟ್ಟರು. ಹಳಿಯನ್ನು ಸುತ್ತು ಹಾಕಿಸಿ ಮತ್ತೆ ಮೊದಲ ದಾರಿಗೇ ತಂದು ಜೋಡಿಸಿದರು. ಆಮೇಲೆ ಬಂದವರು ದಪ್ಪ ಮನುಷ್ಯನ ಕಾಲಡಿಗೆ ಬಾಗಿಲು ಕೊರೆದರು. ನೂಕುವ ಬದಲು ಗುಂಡಿ ಒತ್ತಿದರೆ ಪಾಪ ಕಡಿಮೆಯೇ ಎಂದು ಕೇಳಿದರು. ಐವತ್ತು ವರ್ಷದಲ್ಲಿ ಇಷ್ಟೊಂದು ಹಳಿ ಹಾಕಿದ ಇಲಾಖೆ ಜಗತ್ತಿನಲ್ಲಿ ಇನ್ನೊಂದಿರಲಾರದು. ಒಬ್ಬ ಪ್ರಯಾಣಿಕನೂ ಊರು ಸೇರಿಲ್ಲ.

ಈ ಐವರ ಬಗ್ಗೆ ನಮಗೆ ಗೊತ್ತಿರುವುದು ಒಂದೇ, ಅವರು ಐವರು. ಹೆಸರಿಲ್ಲ, ಕಿವಿಯಿಲ್ಲ, ಬಾಯಿಯಿಲ್ಲ. ಟ್ರಾಲಿಯ ಸದ್ದು ಅವರಿಗೆ ಕೇಳಿಸುವುದಿಲ್ಲ. ನಮ್ಮ ಯಾವುದಾದರೂ ಸ್ಟೇಷನ್ನಿನ ಒಬ್ಬ ಕೀಮನ್‌ಗೆ ಈ ಕತೆ ಹೇಳಿ ನೋಡಿ. ದಿನಾ ಬೆಳಿಗ್ಗೆ ಸ್ಪ್ಯಾನರು, ಸುತ್ತಿಗೆ, ಕೆಂಪು ಬಾವುಟ ಹಿಡಿದು ಹಳಿಯುದ್ದಕ್ಕೂ ನಡೆಯುವ ಮನುಷ್ಯ ಆತ. ನೂಕಬಹುದೇ ನೂಕಬಾರದೇ ಎಂಬಲ್ಲಿಗೆ ಅವನು ಬರುವುದೇ ಇಲ್ಲ. ಲೈನ್ ಮೇಲೆ ಗ್ಯಾಂಗ್ ಕೆಲಸ ಮಾಡುತ್ತಿದ್ದಾಗ ಗಾಡಿ ಬರದಂತೆ ಬ್ಲಾಕ್ ತೆಗೆದುಕೊಂಡಿರಲಿಲ್ಲವೇ? ಬಾವುಟ ಎಲ್ಲಿ ನೆಟ್ಟಿದ್ದರು? ಹಳಿಗೆ ಎಚ್ಚರಿಕೆಯ ಪಟಾಕಿ ಕಟ್ಟಿರಲಿಲ್ಲವೇ? ವಿಸಿಲ್ ಊದಲು ನಿಲ್ಲಿಸಿದ್ದ ಮನುಷ್ಯ ಎಲ್ಲಿಗೆ ಹೋಗಿದ್ದ? ಬ್ರೇಕು ಕೊನೆಯ ಸಲ ಪರೀಕ್ಷೆ ಮಾಡಿ ಸಹಿ ಹಾಕಿದವರು ಯಾರು? ಪ್ರೊಫೆಸರು ನಗುತ್ತಾರೆ, ಇದೆಲ್ಲ ಉದಾಹರಣೆಯ ಹೊರಗಿನ ಮಾತು ಎನ್ನುತ್ತಾರೆ. ನಿಜ. ಸಹಿ ಹಾಕಿದವನು ಉದಾಹರಣೆಯ ಹೊರಗೇ ಇರುತ್ತಾನೆ, ಯಾವಾಗಲೂ.

ಇದು ಕುಹಕವಲ್ಲ, ಇದಕ್ಕೊಂದು ಇತಿಹಾಸವಿದೆ. ಟ್ರಾಮ್ ಹೊರಡುವುದಕ್ಕೆ ಹನ್ನೊಂದು ವರ್ಷ ಮೊದಲು, 1956ರಲ್ಲಿ, ಅದೇ ಆಕ್ಸ್‌ಫರ್ಡಿಗೆ ನಿಜವಾದ ಚಾಲಕನೊಬ್ಬ ಬಂದಿದ್ದ. ಹೆಸರು ಹ್ಯಾರಿ ಟ್ರೂಮನ್. ಹಿರೋಶಿಮಾ, ನಾಗಸಾಕಿಗಳ ಮೇಲೆ ಬಾಂಬು ಹಾಕಿದರೆ ಯುದ್ಧ ಬೇಗ ಮುಗಿದು ಅದಕ್ಕಿಂತ ಹೆಚ್ಚು ಜೀವ ಉಳಿಯುತ್ತದೆ ಎಂಬ ಲೆಕ್ಕದ ಹಿಂದೆ ನಿಂತಿದ್ದ ಮನುಷ್ಯ. ಲಿವರ್ ಎಳೆದದ್ದು ಆಗಿತ್ತು. ಹಳಿಯ ಮೇಲಿದ್ದವರ ಸಂಖ್ಯೆ ಲಕ್ಷ ದಾಟಿತ್ತು. ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಡಲು ಹೊರಟಿತು. ಸಾಮರ್‌ವಿಲ್ ಕಾಲೇಜಿನ ಎಲಿಜಬೆತ್ ಆನ್ಸ್‌ಕೋಮ್ ಎಂಬಾಕೆ ಸಭೆಯಲ್ಲಿ ಎದ್ದು ನಿಂತು, ನಿರಪರಾಧಿಗಳನ್ನು ಗುರಿಗೆ ಸಾಧನವಾಗಿ ಕೊಲ್ಲುವುದಕ್ಕೆ ಕೊಲೆ ಎನ್ನುತ್ತಾರೆ, ಕೊಲೆಗೆ ಗೌನು ತೊಡಿಸಬೇಡಿ ಎಂಬ ಅರ್ಥದಲ್ಲಿ ವಾದಿಸಿದರು. ನೀತಿಶಾಸ್ತ್ರಜ್ಞರೂ ಇತಿಹಾಸಕಾರರೂ ದೇವತಾಶಾಸ್ತ್ರಜ್ಞರೂ ತುಂಬಿದ್ದ ಆ ಸಭೆಯಲ್ಲಿ ಆಕೆಯ ಪರ ನಿಂತವರು ಬೆರಳೆಣಿಕೆಯ ಮಂದಿ. ಫುಟ್ ಅವರಲ್ಲೊಬ್ಬರು, ಅದನ್ನು ಹೇಳಲೇಬೇಕು. ಮಿಕ್ಕವರು ಒಪ್ಪಿಗೆ ಕೊಟ್ಟರು. ಜೂನ್‌ನಲ್ಲಿ ಟ್ರೂಮನ್ ಬಂದು ಪದವಿ ಪಡೆದು ಹೋದರು.

ಅಂದರೆ ಚಾಲಕ ಎದುರಿಗೇ ಬಂದು ನಿಂತಿದ್ದಾಗ ಆ ಊರಿಗೆ ಪ್ರಶ್ನೆಯೇ ಹುಟ್ಟಲಿಲ್ಲ. ಹೆಸರಿಲ್ಲದ ಚಾಲಕ, ಹೆಸರಿಲ್ಲದ ಐವರು ಸಿಕ್ಕ ಮೇಲೆ ಎಲ್ಲರಿಗೂ ಮಾತು ಬಂತು. ಟ್ರಾಲಿಯನ್ನು ಎಷ್ಟು ಬೇಕಾದರೂ ತಿರುಗಿಸಿ, ಯಾವ ರಾಯಭಾರಿಯೂ ಬೇಸರಪಟ್ಟುಕೊಳ್ಳುವುದಿಲ್ಲ.

ಕೊಂಚ ಹಿಂದಕ್ಕೆ ಹೋಗಿ ಕ್ಯಾಂಟ್ ಮಹಾಶಯರನ್ನೂ ನೋಡಬಹುದು. 1797ರಲ್ಲಿ ಅವರೊಂದು ಪುಟ್ಟ ಪ್ರಬಂಧ ಬರೆದರು. ನಿಮ್ಮ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ; ಕೊಲೆಗಾರ ಬಾಗಿಲಿಗೆ ಬಂದು ಅವನು ಒಳಗಿದ್ದಾನಾ ಅಂತ ಕೇಳುತ್ತಾನೆ. ಸುಳ್ಳು ಹೇಳಬಹುದೇ? ಕೂಡದು ಎಂದರು ಕ್ಯಾಂಟ್. ಇದೇ ಗಂಟು ಮಹಾಭಾರತದ ಕರ್ಣಪರ್ವದಲ್ಲೂ ಇದೆ. ಕೌಶಿಕನೆಂಬ ತಪಸ್ವಿ, ಸತ್ಯವನ್ನೇ ನುಡಿಯುವ ವ್ರತದವನು. ದರೋಡೆಕೋರರಿಗೆ ಹೆದರಿ ಜನ ಅವನ ಆಶ್ರಮದ ಹತ್ತಿರದ ಕಾಡು ಹೊಕ್ಕರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ಕೈತೋರಿಸಿ ಹೇಳಿಬಿಟ್ಟ. ಅಡಗಿದವರು ಸತ್ತರು. ಧರ್ಮರಾಯನ ಮೇಲೆಯೇ ಕತ್ತಿ ಹಿರಿದು ನಿಂತ ಅರ್ಜುನನಿಗೆ ಕೃಷ್ಣ ಈ ಕತೆ ಹೇಳುತ್ತಾನೆ. ಕೌಶಿಕ ಎಲ್ಲಿಗೆ ಹೋದ ಎಂಬುದನ್ನೂ ಹೇಳುತ್ತಾನೆ. ನರಕಕ್ಕೆ. ವ್ಯಾಸರ ಲೆಕ್ಕದಲ್ಲಿ ಸಿದ್ಧಾಂತಕ್ಕೆ ಅಂಟಿಕೊಂಡವನು ತಾನೇ ಬೆಲೆ ತೆತ್ತ. ಕೋನಿಗ್ಸ್‌ಬರ್ಗಿನ ಕ್ಯಾಂಟರ ಲೆಕ್ಕದಲ್ಲಿ ಗೆಳೆಯ ತೆರುತ್ತಾನೆ, ಪ್ರೊಫೆಸರು ಸಂಜೆಯ ವಾಕಿಂಗ್ ಹೊರಡುತ್ತಾರೆ.

ಇನ್ನು ಕಾರಣಗಳ ಕತೆ. ಇದು ಈ ಶಾಸ್ತ್ರದ ಗರ್ಭಗುಡಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಬರ್ನಾರ್ಡ್ ವಿಲಿಯಮ್ಸ್ ಎಂಬ ಅಪಾರ ಬುದ್ಧಿವಂತರು ಒಂದು ಪ್ರಶ್ನೆ ಎತ್ತಿದರು. ಒಬ್ಬನಿಗೆ ಜಿನ್ ಕುಡಿಯುವ ಆಸೆ. ಎದುರಿನ ಬಾಟಲಿಯಲ್ಲಿ ಜಿನ್ ಇದೆ ಎಂದು ನಂಬಿದ್ದಾನೆ, ಇರುವುದು ಪೆಟ್ರೋಲ್. ಅದಕ್ಕೆ ಟಾನಿಕ್ ಬೆರೆಸಿ ಕುಡಿಯಲು ಅವನಿಗೆ ಕಾರಣ ಇದೆಯೋ ಇಲ್ಲವೋ? ನೀವೂ ನಾನೂ ಆಗಿದ್ದರೆ ಬಾಟಲಿ ಕಿತ್ತುಕೊಳ್ಳುತ್ತಿದ್ದೆವು. ಅವರು ಕಿತ್ತುಕೊಳ್ಳುವುದಿಲ್ಲ, ಚರ್ಚಿಸುತ್ತಾರೆ. ಇದರಿಂದ ವಿಲಿಯಮ್ಸ್ ತಲುಪಿದ ತೀರ್ಮಾನ ಸಣ್ಣದಲ್ಲ: ಒಂದು ಕೆಲಸ ಮಾಡಲು ನನಗೆ ಕಾರಣವಿದೆ ಎನ್ನಬೇಕಾದರೆ ಅದು ನನ್ನ ಈಗಿನ ಆಸೆ, ಕಾಳಜಿ, ಸ್ವಭಾವಗಳಲ್ಲಿ ಎಲ್ಲಾದರೂ ಬೇರು ಬಿಟ್ಟಿರಬೇಕು. ಹೊರಗಿನಿಂದ ತಂದು ಹೇರಿದ ಕಾರಣ ಕಾರಣವೇ ಅಲ್ಲ.

ಕೇಳಲು ಸೊಗಸಾಗಿದೆ. ಆದರೆ ವಿಲಿಯಮ್ಸರದ್ದೇ ಇನ್ನೊಂದು ಉದಾಹರಣೆ ನೋಡಿ. ಹೆಂಡತಿಯನ್ನು ಕ್ರೂರವಾಗಿ ನಡೆಸಿಕೊಳ್ಳುವ ಗಂಡನೊಬ್ಬ. ಯಾಕಯ್ಯಾ, ಅವಳೂ ಮನುಷ್ಯಳಲ್ಲವೇ ಅಂದರೆ, ಆಗಿರಲಿ ನನಗೇನು ಎನ್ನುತ್ತಾನೆ. ಅವನ ಎದೆಯನ್ನು ಎಷ್ಟು ತಡಕಾಡಿದರೂ ಕರಗುವ ಜಾಗವಿಲ್ಲ. ಅವನನ್ನು ಕ್ರೂರಿ ಎನ್ನಬಹುದು, ಸ್ವಾರ್ಥಿ ಎನ್ನಬಹುದು, ಒರಟ ಎನ್ನಬಹುದು ಎಂದು ವಿಲಿಯಮ್ಸ್ ಒಪ್ಪುತ್ತಾರೆ. ಹೆಂಡತಿಯೊಡನೆ ಚೆನ್ನಾಗಿರಲು ಅವನಿಗೊಂದು ಕಾರಣವಿದೆ ಎಂದು ಮಾತ್ರ ಹೇಳುವಂತಿಲ್ಲವಂತೆ. ಎದುರಾಳಿಗಳು ಹಾರಿಬಿದ್ದರು, ಇದೆ ಎಂದರು. ಗಂಡನ ಎದೆಯೊಳಗೆ ಏನಿದೆ ಏನಿಲ್ಲ ಎಂದು ಎರಡೂ ಕಡೆಯವರು ಟಾರ್ಚು ಬಿಟ್ಟು ಹುಡುಕಿದ್ದೇ ಹುಡುಕಿದ್ದು. ಪಕ್ಕದ ಕೋಣೆಯಲ್ಲಿ ಒಬ್ಬಳು ಇದ್ದಳು. ಅವಳನ್ನು ಒಂದು ಮಾತು ಕೇಳಿದ್ದರೆ ಅವನ ಬಳಿ ಇಲ್ಲದ ಕಾರಣಗಳನ್ನು ಅವಳು ಕಂತುಕಂತಾಗಿ ಹೇಳುತ್ತಿದ್ದಳು.

ಅಂದಹಾಗೆ ವಿಲಿಯಮ್ಸರ ಇನ್ನೊಂದು ಹೆಂಡತಿ ನೀರಿನಲ್ಲಿ ಮುಳುಗುತ್ತಿರುತ್ತಾಳೆ. ಪಕ್ಕದಲ್ಲೇ ಒಬ್ಬ ಅಪರಿಚಿತನೂ ಮುಳುಗುತ್ತಿದ್ದಾನೆ. 'ಇವಳು ನನ್ನ ಹೆಂಡತಿ, ಇಂಥ ಸಂದರ್ಭದಲ್ಲಿ ಹೆಂಡತಿಯನ್ನು ಉಳಿಸಲು ನೀತಿಯ ಅನುಮತಿ ಇದೆ' ಎಂದು ಯೋಚಿಸಿ ಧುಮುಕುವ ಗಂಡ ಅಗತ್ಯಕ್ಕಿಂತ ಒಂದು ಯೋಚನೆ ಜಾಸ್ತಿ ಮಾಡಿದ ಎಂದರು ಅವರು. ಈ ಒಂದು ಮಾತಿಗಾಗಿ ನಾನು ಅವರ ಬೇರೆಲ್ಲ ತರ್ಕವನ್ನು ಮಾಫಿ ಮಾಡಬಲ್ಲೆ. ಆ ಹೆಚ್ಚಿನ ಒಂದು ಯೋಚನೆಯ ಬಗ್ಗೆ ಅಂದಿನಿಂದ ಬಂದಿರುವ ಲೇಖನಗಳನ್ನು ಜೋಡಿಸಿ ತೆಪ್ಪ ಮಾಡಿದ್ದರೆ ಇಬ್ಬರೂ ದಡ ಸೇರುತ್ತಿದ್ದರು.

ಇನ್ನು ವಿಲಿಯಮ್ಸರ ಜಿಮ್. 1973ರ ಈ ಕತೆಯನ್ನು ಬಿಡುವಂತಿಲ್ಲ. ದಕ್ಷಿಣ ಅಮೆರಿಕದ ಒಂದು ಪುಟ್ಟ ಊರು. ಗಿಡಮೂಲಿಕೆ ಹುಡುಕಿಕೊಂಡು ಬಂದ ಜಿಮ್ ಅಲ್ಲಿ ತಲುಪಿದಾಗ ಇಪ್ಪತ್ತು ಮಂದಿ ಮೂಲನಿವಾಸಿಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದಾರೆ. ಸರ್ಕಾರದ ವಿರುದ್ಧ ಪ್ರತಿಭಟನೆ ನಡೆದಿದೆ. ಉಳಿದವರಿಗೆ ಬುದ್ಧಿ ಬರಲಿ ಎಂದು ಯಾರನ್ನೋ ಹಿಡಿದು ತಂದದ್ದು. ಬೆವರಿನ ಖಾಕಿ ಅಂಗಿಯ ಕ್ಯಾಪ್ಟನ್, ಅತಿಥಿ ಬಂದ ಖುಷಿಗೆ ಒಂದು ರಿಯಾಯಿತಿ ಕೊಡುತ್ತಾನೆ: ನೀನೇ ಒಬ್ಬನನ್ನು ಗುಂಡಿಟ್ಟು ಕೊಲ್ಲು, ಹತ್ತೊಂಬತ್ತು ಮಂದಿಯನ್ನು ಬಿಡುತ್ತೇನೆ, ಇಲ್ಲದಿದ್ದರೆ ಇಪ್ಪತ್ತೂ ಹೋಗುತ್ತವೆ. ಇಡೀ ನೀತಿಶಾಸ್ತ್ರದಲ್ಲಿ ಹಳಿಯ ಮೇಲಿದ್ದವರು ಬಾಯಿಬಿಟ್ಟ ಅಪರೂಪದ ಪ್ರಸಂಗ ಇದು. ಗೋಡೆಗೆ ನಿಂತವರೂ ಊರವರೂ ಒಪ್ಪಿಕೋ ಎಂದು ಜಿಮ್‌ನನ್ನು ಬೇಡುತ್ತಾರೆ ಎಂದು ವಿಲಿಯಮ್ಸ್ ಬರೆದಿದ್ದಾರೆ. ಆಮೇಲೆ? ಆಮೇಲೆ ಚರ್ಚೆ ಜಿಮ್‌ನ ಮನಸ್ಸಿನ ಸಮಗ್ರತೆಯ ಕಡೆ ಹೊರಳುತ್ತದೆ. ಗುಂಡು ಹಾರಿಸಿದರೆ ಜಿಮ್‌ನ ಬದುಕಿನ ನಂಬಿಕೆಗಳ ಗತಿಯೇನು, ಅವನಿಗೂ ಅವನ ಕೃತ್ಯಕ್ಕೂ ಇರುವ ನಂಟೇನು ಇತ್ಯಾದಿ. ಜಿಮ್ ಗುಂಡು ಹಾರಿಸಬೇಕೇನೋ ಎಂದು ವಿಲಿಯಮ್ಸರೂ ಕೊನೆಗೆ ಹೆಚ್ಚುಕಡಿಮೆ ಒಪ್ಪಿದರು, ಅಷ್ಟು ಸಲೀಸಾಗಿ ಒಪ್ಪಬೇಡಿ ಎಂಬುದಷ್ಟೇ ಅವರ ತಕರಾರು. ಸರಿಯಾದ ತಕರಾರೇ. ಆದರೆ ಕ್ಯಾಪ್ಟನ್ನನ್ನು ನೋಡಿ. ಅರ್ಧ ಶತಮಾನದಿಂದ ಪ್ರಪಂಚದ ಎಲ್ಲ ತರಗತಿಗಳಲ್ಲೂ ಅವನು ಕೋವಿ ಹಿಡಿದು ನಿಂತಿದ್ದಾನೆ, ಅವನ ಕೆಲಸ ಸರಿಯೋ ತಪ್ಪೋ ಎಂಬ ಪ್ರಶ್ನೆ ಪರೀಕ್ಷೆಗೆ ಬಂದದ್ದನ್ನು ನಾನು ಕಂಡಿಲ್ಲ. ಅವನು ಹವಾಮಾನ. ಮಳೆಯನ್ನು ಯಾರು ಪ್ರಶ್ನಿಸುತ್ತಾರೆ?

ಇದಕ್ಕೆಲ್ಲ ತದ್ವಿರುದ್ಧವಾದ ಮನುಷ್ಯ ಡೆರೆಕ್ ಪಾರ್ಫಿಟ್. ಚೀನಾದ ಚೆಂಗ್ಡುವಿನಲ್ಲಿ 1942ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿನಲ್ಲಿ ಬಾಳು ಸವೆಸಿದವರು. ಆ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳೇ ಇಲ್ಲ, ಯೋಚನೆಗೆ ಅಡ್ಡಿಯಾಗಬಾರದೆಂದು. ದಿನಾ ಒಂದೇ ಥರದ ಬಟ್ಟೆ, ಏನುಡಬೇಕೆಂಬ ಚಿಂತೆಗೆ ಸಮಯ ಪೋಲಾಗದಂತೆ. ಕೆಟಲ್ ಕುದಿಯುವಷ್ಟು ವ್ಯವಧಾನವಿಲ್ಲದೆ ನಲ್ಲಿಯ ಬಿಸಿನೀರಿಗೇ ಕಾಫಿ ಪುಡಿ ಕಲಸಿ ಕುಡಿಯುತ್ತಿದ್ದರು. ಫಿಲ್ಟರ್ ಕಾಫಿಯ ನಾಡಿನವನಾದ ನನಗೆ ಇವರ ಮೌಲ್ಯಮೀಮಾಂಸೆಯ ಮೇಲೆ ಇದ್ದ ನಂಬಿಕೆ ಅಲ್ಲಿಗೆ ಅರ್ಧ ಇಳಿಯಿತು. ಹೀಗೆ ಉಳಿಸಿದ ಸಮಯದಲ್ಲಿ 2011ಕ್ಕೆ ಎರಡು ಸಂಪುಟ, ಹೆಚ್ಚುಕಡಿಮೆ 1,400 ಪುಟ ಬರೆದರು. ಕ್ಯಾಂಟ್ ಪಂಥದವರು, ಒಪ್ಪಂದವಾದಿಗಳು, ಪರಿಣಾಮವಾದಿಗಳು ಹೊಡೆದಾಡಬೇಕಾಗಿಲ್ಲ, ಎಲ್ಲರೂ ಒಂದೇ ಬೆಟ್ಟವನ್ನು ಬೇರೆ ಬೇರೆ ಕಡೆಯಿಂದ ಹತ್ತುತ್ತಿದ್ದಾರೆ ಎಂದು ಸಾಧಿಸಿದರು. ಮೂರೂ ಪಂಥದವರು ಪುಸ್ತಕ ಓದಿ, ನಮ್ಮ ಬೆಟ್ಟ ಇದಲ್ಲ ಎಂದರು. 2017ರಲ್ಲಿ ಮೂರನೆಯ ಸಂಪುಟ ಬೇಕಾಯಿತು.

ಪಾರ್ಫಿಟ್ಟರ ನಂಬಿಕೆ ಇಷ್ಟು: ನಾವು ಬಯಸಲಿ ಬಿಡಲಿ, ಕಾರಣಗಳು ಗಣಿತದ ಸತ್ಯಗಳ ಹಾಗೆ ಹೊರಗೆ ಇವೆ. ಇಲ್ಲದೇ ಹೋದರೆ ತಾವೂ ತಮ್ಮಂಥ ಇನ್ನು ಕೆಲವರೂ ಬಾಳಿನ ಬಹುಪಾಲು ವ್ಯರ್ಥ ಮಾಡಿದಂತೆ ಎಂದು ಅವರು ಬರೆದೂಬಿಟ್ಟರು. ಎಷ್ಟು ಮಂದಿ ತಮ್ಮ ವೃತ್ತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಂಡಾರು? ವಿಲಿಯಮ್ಸರನ್ನು ಅವರು ಮೆಚ್ಚುತ್ತಿದ್ದರು, ಅವರನ್ನು ಒಪ್ಪಿಸಲಾಗಲಿಲ್ಲವೆಂದು ಕೊರಗುತ್ತಿದ್ದರು. ಅಂಥ ಬುದ್ಧಿವಂತ ಯಾಕೆ ಒಪ್ಪಲಿಲ್ಲ ಎಂಬುದಕ್ಕೆ ಕೊನೆಗೆ ಅವರು ಕಂಡುಕೊಂಡ ವಿವರಣೆ, ಕಾರಣ ಎಂಬ ಪರಿಕಲ್ಪನೆಯೇ ವಿಲಿಯಮ್ಸರಿಗೆ ಇರಲಿಲ್ಲ ಎಂಬುದು. ಮಾಧ್ವರೂ ಅದ್ವೈತಿಗಳೂ ಇಷ್ಟು ಶತಮಾನ ಜಗಳವಾಡಿದರೂ ಇಂಥ ಸುಲಭದ ಬಾಣ ಯಾರಿಗೂ ಹೊಳೆದಿರಲಿಲ್ಲ.

ಪಾರ್ಫಿಟ್ಟರ ಮಂಗಳವಾರದ ಮನುಷ್ಯ ಮಾತ್ರ ನನಗೆ ಬಲು ಅಚ್ಚುಮೆಚ್ಚು. 1984ರ ಪುಸ್ತಕದಲ್ಲಿ ಬರುತ್ತಾನೆ. ನೋವು ಎಂದರೆ ಅವನಿಗೂ ಎಲ್ಲರ ಹಾಗೆ ಭಯ. ಮುಂಬರುವ ಮಂಗಳವಾರಗಳಲ್ಲಿ ಬರುವ ನೋವಿನ ಚಿಂತೆ ಮಾತ್ರ ಇಲ್ಲ. ಬುಧವಾರದ ಸಣ್ಣ ನೋವು ತಪ್ಪುತ್ತದೆಂದರೆ ಮಂಗಳವಾರದ ಯಮಯಾತನೆಗೆ ಈಗಲೇ ಸಹಿ ಹಾಕುತ್ತಾನೆ. ವಾರದ ಹೆಸರು ನೋಡಿ ಆಯ್ಕೆ ಮಾಡುವುದಕ್ಕೆ ಯಾವ ಕಾರಣವೂ ಇರಲು ಸಾಧ್ಯವಿಲ್ಲ, ಆದ್ದರಿಂದ ನಮ್ಮ ಬಯಕೆಗಳೇ ಕಾರಣಗಳಲ್ಲ ಎಂಬುದು ವಾದ. ಮಂಗಳವಾರ ಕ್ಷೌರದಂಗಡಿ ಬಾಗಿಲು ಹಾಕಿರುವ ನಮ್ಮ ಯಾವುದಾದರೂ ಪೇಟೆಯಲ್ಲಿ ಪಾರ್ಫಿಟ್ ಒಂದು ವಾರ ಉಳಿದಿದ್ದರೆ ಬೇರೆ ಉದಾಹರಣೆ ಹುಡುಕುತ್ತಿದ್ದರು. ಈ ಮನುಷ್ಯನನ್ನು ನೋಡಿ ನಮ್ಮ ಅಜ್ಜಿಯಂದಿರಿಗೆ ಆಶ್ಚರ್ಯವಾಗುತ್ತಿದ್ದದ್ದು ಒಂದೇ, ಶುಕ್ರವಾರವನ್ನು ಯಾಕೆ ಬಿಟ್ಟ ಎಂದು.

ಮೌಲ್ಯದ ಬಗ್ಗೆಯೂ ಒಂದು ಮಾತು. ಹಾರ್ವರ್ಡಿನ ಸ್ಕ್ಯಾನ್ಲನ್ 1998ರ ಪುಸ್ತಕದಲ್ಲಿ, ಒಂದು ವಸ್ತು ಬೆಲೆಯುಳ್ಳದ್ದು ಎಂದರೆ ಅದನ್ನು ಮೆಚ್ಚಲು, ಬಯಸಲು, ಕಾಪಾಡಲು ಕಾರಣ ಕೊಡುವ ಗುಣಗಳು ಅದಕ್ಕಿವೆ ಎಂದಷ್ಟೇ ಅರ್ಥ, ಬೆಲೆಯೆಂಬುದು ಅದಕ್ಕಿಂತ ಆಚೆ ಏನೂ ಅಲ್ಲ ಎಂದರು. ಫೈಲು ಬೆಲೆಯ ಟೇಬಲ್ಲಿನಿಂದ ಕಾರಣದ ಟೇಬಲ್ಲಿಗೆ ಹೋಯಿತು. ಕೂಡಲೇ ಒಬ್ಬ ರಾಕ್ಷಸ ಪ್ರವೇಶಿಸಿದ. ಈ ಶಾಸ್ತ್ರದಲ್ಲಿ ಕೆಲಸಗಾರರಿಗಿಂತ ರಾಕ್ಷಸರಿಗೆ ಹೆಚ್ಚು ಮರ್ಯಾದೆ. ಅವನು ಒಂದು ತಟ್ಟೆ ಕೆಸರು ತಂದಿಟ್ಟು, ಇದನ್ನು ಇದರ ಸಲುವಾಗಿಯೇ ಮನಸಾರೆ ಬಯಸು, ಇಲ್ಲವಾದರೆ ಚಿತ್ರಹಿಂಸೆ ಎನ್ನುತ್ತಾನೆ. ಈಗ ಕೆಸರನ್ನು ಬಯಸಲು ಒಳ್ಳೆಯ ಕಾರಣ ಸಿಕ್ಕಿತಲ್ಲ, ಹಾಗಾದರೆ ಕೆಸರು ಬೆಲೆಬಾಳುವುದಾಯಿತೇ? ಇಲ್ಲ, ಇದು ತಪ್ಪು ಬಗೆಯ ಕಾರಣ ಎಂದರು. ತಪ್ಪು ಬಗೆಯದನ್ನು ಸರಿ ಬಗೆಯದರಿಂದ ಬೇರ್ಪಡಿಸುವುದು ಹೇಗೆಂದು ಇನ್ನೂ ಹೊಡೆದಾಟ ನಡೆದಿದೆ. ಸಾಹೇಬರ ಹುಟ್ಟುಹಬ್ಬದ ಫ್ಲೆಕ್ಸಿನ ಕೆಳಗಡೆ ಅಂಚೆಚೀಟಿ ಗಾತ್ರದಲ್ಲಿ ಕೈಮುಗಿದು ನಿಂತ 'ಅಭಿಮಾನಿ ಬಳಗ'ದ ಯಾವ ಸದಸ್ಯನನ್ನು ಕೇಳಿದರೂ ಇದನ್ನು ಎರಡು ನಿಮಿಷದಲ್ಲಿ ಬಿಡಿಸಿಕೊಡುತ್ತಾನೆ. ಬಹಿರಂಗವಾಗಿ ಹೇಳುವುದಿಲ್ಲ, ಅಷ್ಟೇ.

ಒಂದು ಸಲ ಒಬ್ಬ ಯುವಕ ನಿಜವಾದ ಜನರನ್ನು ಈ ಶಾಸ್ತ್ರದೊಳಕ್ಕೆ ಕರೆತಂದಿದ್ದ. 1971ರ ಕೊನೆ, ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬರುತ್ತಿದ್ದರು, ಶಿಬಿರಗಳಲ್ಲಿ ಸಾಯುತ್ತಿದ್ದರು. ಆಗ ಆಕ್ಸ್‌ಫರ್ಡಿನಲ್ಲಿದ್ದ ಪೀಟರ್ ಸಿಂಗರ್, ನಿಮ್ಮ ಹಣದಿಂದ ಅವರು ಉಳಿಯುವುದಾದರೆ ಕೊಡದಿರುವುದು ತಪ್ಪು ಎಂದು ಬರೆದರು, 1972ರಲ್ಲಿ ಪ್ರಕಟವಾಯಿತು. ವಿವರಿಸಲು ಒಂದು ಕೊಳ ತಂದರು. ಮಗು ಮುಳುಗುತ್ತಿದೆ, ಬಟ್ಟೆ ಕೆಸರಾಗುತ್ತದೆಂದು ನೀವು ನಿಲ್ಲುತ್ತೀರಾ? ಅಷ್ಟು ಸಾಕಾಯಿತು. ಮುಂದಿನ ಐವತ್ತು ವರ್ಷ ಪಂಡಿತರು ಆ ಕೊಳದ ದಡ ಬಿಟ್ಟು ಏಳಲಿಲ್ಲ. ಕೊಳ ಹತ್ತಿರವಿದ್ದರೆ? ದೂರವಿದ್ದರೆ? ದಡದಲ್ಲಿ ಇನ್ನೂ ಹತ್ತು ಜನ ಸುಮ್ಮನೆ ನಿಂತಿದ್ದರೆ? ಒಂದರ ಹಿಂದೊಂದು ನೂರು ಮಕ್ಕಳು ಬೀಳುತ್ತಲೇ ಇದ್ದರೆ? ಕೊಳ ಉಳಿಯಿತು, ಬಂಗಾಳ ಹೋಯಿತು. ಪ್ರಬಂಧ ಅಚ್ಚಾಗುವ ಮೊದಲೇ, 1971ರ ಆಗಸ್ಟ್ 1ರಂದು, ರವಿಶಂಕರ್ ತಮ್ಮ ಗೆಳೆಯ ಜಾರ್ಜ್ ಹ್ಯಾರಿಸನ್‌ರನ್ನು ಕೇಳಿಕೊಂಡು ನ್ಯೂಯಾರ್ಕಿನಲ್ಲಿ ಆ ನಿರಾಶ್ರಿತರಿಗಾಗಿ ಕಛೇರಿ ನಡೆಸಿ, ಟಿಕೆಟ್ಟಿನಿಂದಲೇ ಸುಮಾರು 2.4 ಲಕ್ಷ ಡಾಲರ್ ಕೂಡಿಸಿದ್ದರು. ಸಿತಾರಿನ ಶ್ರುತಿ ಸರಿಮಾಡಿಕೊಂಡದ್ದು ಬಿಟ್ಟರೆ ಅವರು ಬೇರೆ ಪೂರ್ವಸಿದ್ಧತೆಯ ವಾದ ಮಂಡಿಸಿದ್ದು ಕಾಣೆ.

ಈ ಪಂಡಿತರಲ್ಲಿ ಒಬ್ಬರು ಹಳಿಯ ಕಡೆ ತಿರುಗಿ ನೋಡಿದರು, ಥಾಮ್ಸನ್. ಟ್ರಾಲಿಗೆ ಹೆಸರಿಟ್ಟು ಮೂವತ್ತೆರಡು ವರ್ಷವಾದ ಮೇಲೆ, 2008ರಲ್ಲಿ, ಅವರು ಮೂರನೆಯ ಹಳಿ ಹಾಕಿದರು. ಅದರ ಮೇಲೆ ಲಿವರ್ ಹಿಡಿದವನೇ ನಿಂತಿದ್ದಾನೆ. ಐವರನ್ನು ಉಳಿಸಲು ನೀನು ಟ್ರಾಲಿಯನ್ನು ನಿನ್ನ ಕಡೆಗೇ ತಿರುಗಿಸಿಕೊಳ್ಳಬಹುದು. ತಿರುಗಿಸಿಕೊಳ್ಳುತ್ತೀಯಾ? ಕರ್ತವ್ಯವೇನಲ್ಲ, ಬೇಡವೆನ್ನುವ ಹಕ್ಕು ನಿನಗಿದೆ. ಹಾಗಿದ್ದರೆ, ನೀನೇ ತೆರಲು ಒಲ್ಲದ ಬೆಲೆಯನ್ನು ಪಕ್ಕದ ಹಳಿಯವನಿಂದ ಅವನನ್ನು ಕೇಳದೆ ವಸೂಲು ಮಾಡಲು ನೀನು ಯಾರು? ಆದ್ದರಿಂದ ದಾರಿಹೋಕ ಲಿವರ್ ಮುಟ್ಟುವಂತಿಲ್ಲ ಎಂದು, ತಮ್ಮದೇ ಹಳೆಯ ಮಾತನ್ನು ಹಿಂದಕ್ಕೆ ಪಡೆದರು. ಅದನ್ನು ಓದಿದವರು ಜಾಣತನದ ಹೊಸ ತಿರುವು ಎಂದು ಮೆಚ್ಚಿ, ಇನ್ನೊಂದು ಹಳಿ ಹಾಕಲು ಹೋದರು.

ಅಷ್ಟರಲ್ಲಿ ಲಿವರ್ ಸಾರ್ವಜನಿಕರ ಕೈಗೂ ಬಂದಿತ್ತು. ಚಾಲಕನಿಲ್ಲದ ಕಾರು ಯಾರನ್ನು ಕೊಲ್ಲಬೇಕು ಎಂದು ಎಂಐಟಿಯವರು ಅಂತರ್ಜಾಲದಲ್ಲಿ ಆಟ ಕಟ್ಟಿದರು. ಸುಮಾರು 4 ಕೋಟಿ ತೀರ್ಪುಗಳು ಬಂದವು ಎಂದು 2018ರಲ್ಲಿ ಪ್ರಕಟಿಸಿದರು. ಒಟ್ಟು ಪಟ್ಟಿಯಲ್ಲಿ ನಾಯಿಗೆ ಅಪರಾಧಿಗಿಂತ ಮೇಲಿನ ಸ್ಥಾನ. ಬೆಕ್ಕಿಗೆ ಎಲ್ಲರಿಗಿಂತ ಕೆಳಗಿನದು. ಅಪರಾಧಿಯಾಗಲೀ ಬೆಕ್ಕಾಗಲೀ ಮತ ಹಾಕಲು ಬಂದಿರಲಿಲ್ಲವೇನೋ.

ಆಟ ಮುಗಿದು ಅಸಲಿ ದುಡ್ಡು ಬಂದದ್ದು ಆಕ್ಸ್‌ಫರ್ಡಿನ ವಿಲಿಯಂ ಮ್ಯಾಕಾಸ್ಕಿಲ್ ಮತ್ತು ಗೆಳೆಯರ ಪರಿಣಾಮಕಾರಿ ಪರೋಪಕಾರದ ಚಳವಳಿಯಿಂದ. ಆದಾಯದ ಹತ್ತರಲ್ಲೊಂದು ಪಾಲು ಕೊಡಿ, ಲೆಕ್ಕ ಹಾಕಿ ಕೊಡಿ ಎಂದು 2009ರಲ್ಲಿ ಆರಂಭಿಸಿದರು. ಆಫ್ರಿಕಾದ ಮಕ್ಕಳಿಗೆ ಸೊಳ್ಳೆ ಪರದೆ ತಲುಪಿತು. ಅದನ್ನು ಗೇಲಿ ಮಾಡಲು ನನ್ನ ನಾಲಿಗೆ ಹೊರಳುವುದಿಲ್ಲ. ಲೆಕ್ಕ ಮುಂದುವರಿಯಿತು. ಇಂದಿನ ಮಕ್ಕಳಿಗಿಂತ ಇನ್ನೂ ಹುಟ್ಟದ ಕೋಟಿ ಕೋಟಿ ಜನರ ಸಂಖ್ಯೆ ದೊಡ್ಡದು, ಆದ್ದರಿಂದ ಅವರ ಕಡೆ ನೋಡೋಣ ಎನ್ನುವಲ್ಲಿಗೆ ಬಂತು. ಹುಟ್ಟದವರಷ್ಟು ಅನುಕೂಲದ ಫಲಾನುಭವಿ ಬೇರೆಲ್ಲಿ? ರಸೀದಿ ಕೇಳುವುದಿಲ್ಲ. ಅವರ ಹಿತಕ್ಕಾಗಿ ಚಿಂತನ ಮಂಥನ ನಡೆಸಲು ಆಕ್ಸ್‌ಫರ್ಡಿನ ಹತ್ತಿರ ಸುಮಾರು 1.5 ಕೋಟಿ ಪೌಂಡಿನ ಪುರಾತನ ಬಂಗಲೆಯೊಂದನ್ನು ಕೊಂಡರು.

ಹೆಚ್ಚು ದುಡಿ, ಹೆಚ್ಚು ಕೊಡು ಎಂಬ ಮ್ಯಾಕಾಸ್ಕಿಲ್ ಮಾತನ್ನು ತಲೆಯ ಮೇಲಿಟ್ಟುಕೊಂಡವನು ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್. ತಂದೆತಾಯಿ ಇಬ್ಬರೂ ಸ್ಟ್ಯಾನ್‌ಫರ್ಡಿನ ಕಾನೂನು ಪ್ರಾಧ್ಯಾಪಕರಾಗಿದ್ದವರು. ತಾಯಿ ಬಾರ್ಬರಾ ಫ್ರೈಡ್ 2012ರಲ್ಲಿ ಟ್ರಾಲಿ ಪ್ರಶ್ನೆಯನ್ನೇ ಕೊಲ್ಲಬೇಕು ಎಂದು ಪ್ರಬಂಧ ಬರೆದವರು. ನಿಜ ಜೀವನದಲ್ಲಿ ಯಾರಿಗೂ ಫಲಿತಾಂಶ ಮೊದಲೇ ಗೊತ್ತಿರುವುದಿಲ್ಲ, ಇರುವುದು ಅಪಾಯದ ಹಂಚಿಕೆ ಮಾತ್ರ ಎಂಬುದು ಅವರ ಒಳ್ಳೆಯ ವಾದ. ಮಗ ಅಪಾಯವನ್ನು ಹಂಚಿದ, ಬೇರೆಯವರಿಗೆ. ಕ್ರಿಪ್ಟೋ ವಿನಿಮಯ ಕಂಪನಿ ಎಫ್‌ಟಿಎಕ್ಸ್‌ಗೆ ಗ್ರಾಹಕರು ನಂಬಿ ಕೊಟ್ಟಿದ್ದ ಹಣ ಅವನದೇ ಇನ್ನೊಂದು ಕಂಪನಿಯ ಜೂಜಿಗೆ ಹರಿಯಿತು. 2022ರ ನವೆಂಬರ್‌ನಲ್ಲಿ ಎಲ್ಲ ಕುಸಿಯಿತು; ಸುಮಾರು 800 ಕೋಟಿ ಡಾಲರ್ ಕಾಣಲಿಲ್ಲ. ನಾಣ್ಯ ಚಿಮ್ಮಿ ಒಂದು ಮುಖ ಬಿದ್ದರೆ ಪ್ರಪಂಚ ಎರಡು ಪಟ್ಟಿಗಿಂತಲೂ ಚೆನ್ನಾಗುವುದಾದರೆ, ಇನ್ನೊಂದು ಮುಖಕ್ಕೆ ಪ್ರಪಂಚವೇ ನಾಶವಾಗುವುದಿದ್ದರೂ ತಾನು ಚಿಮ್ಮುತ್ತೇನೆ ಎಂದು ಅವನು ಹೇಳುತ್ತಿದ್ದನೆಂದು, ಜೊತೆಯಲ್ಲಿದ್ದ ಕ್ಯಾರೊಲಿನ್ ಎಲಿಸನ್ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಳು.

2024ರ ಮಾರ್ಚ್ 28, ನ್ಯೂಯಾರ್ಕ್, ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಅವರ ಕೋರ್ಟು. ದಿವಾಳಿ ಪ್ರಕ್ರಿಯೆಯಲ್ಲಿ ಗ್ರಾಹಕರಿಗೆ ಪೂರ್ತಿ ಹಣ ವಾಪಸಾಗುತ್ತದೆ, ಆದ್ದರಿಂದ ನಷ್ಟ ಸೊನ್ನೆ ಎಂದು ಬ್ಯಾಂಕ್‌ಮನ್-ಫ್ರೈಡ್‌ನ ವಕೀಲರು ಲೆಕ್ಕ ಕೊಟ್ಟಿದ್ದರು. ಲಂಡನ್ನಿನಿಂದ ವಿಮಾನದಲ್ಲಿ ಬಂದಿದ್ದ ಒಬ್ಬ ಗ್ರಾಹಕ ಎದ್ದು ನಿಂತು, ಆ ಸೊನ್ನೆ ಸುಳ್ಳು ಎಂದ. ನ್ಯಾಯಾಧೀಶರು ವಕೀಲರ ಲೆಕ್ಕವನ್ನು ತಳ್ಳಿಹಾಕಿದರು, ನಾಣ್ಯದ ಕತೆಯನ್ನೂ ನೆನಪಿಸಿದರು, ಇಪ್ಪತ್ತೈದು ವರ್ಷ ಜೈಲು ಬರೆದರು.